ಮೈಲುತುತ್ತು ಮೀನಿಗಾ?

"ಎಂತ? ಮೈಲುತುತ್ತು ಮೀನಿಗಾ?"

ಫೋನಿನ ಆ ಕಡೆಯಿಂದ ಅಪ್ಪ ಎರಡು ಸಲ ಕೇಳಿದರು. ಜುಲೈ ತಿಂಗಳು. ಪುತ್ತೂರಿನ ಕಡೆ ಬಿಡದೆ ಹೊಡೆಯುವ ಮಳೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ, ಎರಡನೇ ಸುತ್ತಿನ ಮದ್ದು ಬಿಡಲು ಅವರು ಒಂದೇ ಒಂದು ದಿನದ ಬಿಸಿಲಿಗೆ ಕಾಯುತ್ತಿದ್ದರು. ನಾನು ಮಂಗಳೂರಿನ ಮನೆಯ ವರ್ಕ್ ಏರಿಯಾದಲ್ಲಿ, ವಾಷಿಂಗ್ ಮೆಷೀನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ಟಾರ್ಚ್ ಬಿಟ್ಟು ಒಂದು ಮೀನಿನ ರೆಕ್ಕೆಯ ಮೇಲಿದ್ದ ಬಿಳಿ ಚುಕ್ಕೆಗಳನ್ನು ಎಣಿಸುತ್ತಿದ್ದೆ. ಹನ್ನೊಂದು ಇದ್ದವು. ಹಿಂದಿನ ದಿನ ನಾಲ್ಕು.

ನಾನು ಇರುವುದು ಬ್ಯಾಂಕಿನ ಕೆಲಸದಲ್ಲಿ. ಉಪ್ಪುನೀರಿನ ಅಕ್ವೇರಿಯಂ ಹುಚ್ಚು ಹಿಡಿದು ಆರು ವರ್ಷ ಆಯಿತು. ಹಾಲ್‌ನಲ್ಲಿರುವ ದೊಡ್ಡ ಟ್ಯಾಂಕ್ ಆರಡಿ ಉದ್ದದ್ದು, ಸುಮಾರು 600 ಲೀಟರ್ ನೀರು ಹಿಡಿಯುತ್ತದೆ. ಹವಳ ಇಲ್ಲ. ನಮ್ಮಲ್ಲಿ 2001ರಿಂದ ಹವಳ ವನ್ಯಜೀವಿ ಕಾಯಿದೆಯ ಮೊದಲ ಪರಿಚ್ಛೇದದಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಹಾಗಾಗಿ ನನ್ನದು ಸಿಮೆಂಟಿನಲ್ಲಿ ಮಾಡಿದ ಬಂಡೆ ಮತ್ತು ಮೀನು, ಅಷ್ಟೇ.

ಕ್ವಾರಂಟೈನ್ ಎಂಬ ಮಾತು ಕೋವಿಡ್ ಕಾಲದಲ್ಲಿ ಮನೆಮನೆಗೂ ಗೊತ್ತಾಯಿತು. ಮೀನಿನ ವಿಷಯದಲ್ಲಿ ಮಾತ್ರ ಅದು ನನ್ನ ತಲೆಗೆ ಇಳಿದದ್ದು ಹಿಂದಿನ ಡಿಸೆಂಬರಿನಲ್ಲಿ. ಒಂದು ಅಂಗಡಿಯಿಂದ ತಂದ ಹೊಸ ಮೀನನ್ನು ಅದೇ ಸಂಜೆ ದೊಡ್ಡ ಟ್ಯಾಂಕಿಗೆ ಬಿಟ್ಟಿದ್ದೆ. ನೋಡಲು ಏನೂ ತೊಂದರೆ ಇರಲಿಲ್ಲ, ಚೆನ್ನಾಗಿ ತಿನ್ನುತ್ತಿತ್ತು. ಮೂರನೇ ದಿನ ಮೀನುಗಳೆಲ್ಲ ಪಂಪಿನ ಬಾಯಿಗೆ ಮುಖ ಕೊಟ್ಟು, ಹೊಳೆಯ ಸೆಳೆತಕ್ಕೆ ಎದುರಾಗಿ ನಿಂತ ಹಾಗೆ ನಿಂತವು. ಕಿವಿರು ಪಟಪಟ ಬಡಿಯುತ್ತಿತ್ತು. ಲೈಟ್ ಹಾಕಿದರೆ ಬಂಡೆಯ ಸಂದಿಗೆ ಓಡುತ್ತಿದ್ದವು. ಆಮ್ಲಜನಕ ಕಡಿಮೆಯಾಗಿದೆ ಅಂದುಕೊಂಡು ಇನ್ನೊಂದು ಏರ್ ಪಂಪ್ ಹಾಕಿದೆ. ಅದು ನನ್ನ ಜಾಣತನ. ಆರನೇ ದಿನದ ಬೆಳಿಗ್ಗೆಗೆ ಹಳೆಯ ಐದು, ಹೊಸದೊಂದು, ಎಲ್ಲವೂ ಸತ್ತಿದ್ದವು. ಸತ್ತ ಮೀನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಮೈಮೇಲೆ ಕುಟಿಕುರಾ ಪೌಡರ್ ಉದುರಿಸಿದಂತೆ ಸಣ್ಣ ಧೂಳು ಕಂಡಿತು.

ನನಗೊಬ್ಬ ಗೆಳೆಯ ಇದ್ದಾನೆ, ಎಕ್ಕೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು. ಕಿವಿರಿನ ಒಂದು ಎಳೆ ಕತ್ತರಿಸಿ ಗಾಜಿನ ಮೇಲಿಟ್ಟು ನೋಡಿ, "ವೆಲ್ವೆಟ್ ಮಾರಾಯ, ಅಮೈಲೂಡಿನಿಯಂ. ಚರ್ಮದಲ್ಲಿ ಕಾಣುವ ಹೊತ್ತಿಗೆ ಕಿವಿರು ಮುಗಿದಿರ್ತದೆ" ಅಂದ. ಅದು ಮೀನಿಗೆ ಅಂಟುವ ಒಂದೇ ಕೋಶದ ಪರಾವಲಂಬಿ. ಒಂದೊಂದು ಕೋಶ ಮೀನಿನಿಂದ ಉದುರಿ, ಒಡೆಯುತ್ತ ಒಡೆಯುತ್ತ 256ರವರೆಗೆ ಮರಿಗಳನ್ನು ನೀರಿಗೆ ಬಿಡಬಲ್ಲದಂತೆ. ಆಮೇಲೆ ದೊಡ್ಡ ಟ್ಯಾಂಕನ್ನು ಮೀನಿಲ್ಲದೆ ಖಾಲಿ ಓಡಿಸಿದೆ. ವೆಲ್ವೆಟ್ಟಿಗೆ ಆರು ವಾರ ಸಾಕು, ಬಿಳಿಚುಕ್ಕೆ ಎಂಬ ಇನ್ನೊಂದು ರೋಗದ್ದೂ ಇದ್ದರೆ 76 ದಿನ ಬಿಡು ಎಂದು ಅವನು ಹೇಳಿದ್ದ. ಆರು ತಿಂಗಳೇ ಬಿಟ್ಟೆ. ಅದರಲ್ಲಿ ಶಿಸ್ತು ಎಷ್ಟು, ಹೆದರಿಕೆ ಎಷ್ಟು ಎಂದು ಕೇಳಬಾರದು.

ಈ ಸಲ ಮೊದಲು ಕಟ್ಟಿಸಿದ್ದು ಕ್ವಾರಂಟೈನ್ ಟ್ಯಾಂಕ್. ಮೂರಡಿಯ ಬರಿ ಗಾಜಿನ ಪೆಟ್ಟಿಗೆ, ಒಳಗೆ 120 ಲೀಟರ್ ನೀರು. ಮರಳಿಲ್ಲ, ಬಂಡೆಯಿಲ್ಲ. ಮರಳಿದ್ದರೆ ಪರಾವಲಂಬಿಗಳು ಕಟ್ಟಿಕೊಳ್ಳುವ ಗಂಟುಗಳಿಗೆ ಅಡಗಲು ಜಾಗ ಸಿಗುತ್ತದೆ, ಜೊತೆಗೆ ಸುಣ್ಣದ ಅಂಶದ ಯಾವುದೇ ವಸ್ತು ಮದ್ದಾಗಿ ಹಾಕುವ ತಾಮ್ರವನ್ನು ಹೀರುತ್ತದೆ. ಮೀನು ಅವಿತುಕೊಳ್ಳಲು ಪ್ಲಂಬಿಂಗ್ ಅಂಗಡಿಯಿಂದ ತಂದ ಪಿವಿಸಿ ಎಲ್ಬೋ, ಟೀ. ಒಂದು ಹೀಟರ್, ಒಂದು ಸ್ಪಾಂಜ್ ಫಿಲ್ಟರ್. ಆ ಸ್ಪಾಂಜನ್ನು ಒಂದು ತಿಂಗಳು ದೊಡ್ಡ ಟ್ಯಾಂಕಿನ ಕೆಳಗಿನ ಸಂಪಿನಲ್ಲಿ ಮುಳುಗಿಸಿಟ್ಟು, ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಹತ್ತಿಸಿಕೊಂಡಿದ್ದೆ. ಹೆಪ್ಪು ಹಾಕಿದ ಹಾಗೆಯೇ ಅದು. ಬಕೆಟ್, ಮಗ್, ಬಲೆ, ಒರೆಸುವ ಬಟ್ಟೆ ಎಲ್ಲಕ್ಕೂ ಕೆಂಪು ಟೇಪ್ ಸುತ್ತಿದೆ. ಅವು ಹಾಲಿಗೆ ಬರುವಂತಿಲ್ಲ, ಹಾಲಿನವು ಇಲ್ಲಿಗೆ ಬರುವಂತಿಲ್ಲ. ಗಾಳಿಗುಳ್ಳೆ ಒಡೆದು ಹಾರುವ ಹನಿಯಲ್ಲೂ ಈ ಜೀವಿಗಳು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ದಾಟುತ್ತವೆ, ಆದ್ದರಿಂದ ಟ್ಯಾಂಕೂ ಬೇರೆ ಕೋಣೆಯಲ್ಲೇ ಇರಬೇಕು. ಹಾಗೆಂದು ವರ್ಕ್ ಏರಿಯಾ ಹಿಡಿದೆ. "ನಮ್ಮಜ್ಜಿ ಮಡಿ ಮಾಡುವಾಗ ನಗಾಡ್ತಿದ್ರಿ ಅಲ್ವಾ" ಎಂದು ಹೆಂಡತಿ ಒಂದೇ ಮಾತು ಹೇಳಿ ಒಳಗೆ ಹೋದಳು.

ಮಂಗಳೂರಿನಲ್ಲಿದ್ದುಕೊಂಡು ಉಪ್ಪಿನ ಪುಡಿ ದುಡ್ಡು ಕೊಟ್ಟು ತರುವುದೇಕೆ, ಸಮುದ್ರ ಇಲ್ಲೇ ಇದೆಯಲ್ಲ ಎಂದು ಕೇಳದವರಿಲ್ಲ. ಬೇಸಿಗೆಯಲ್ಲಾದರೆ ಆ ಮಾತಿಗೆ ಅರ್ಥ ಇದೆ. ಜೂನ್ ದಾಟಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳು ಘಟ್ಟದ ನೀರನ್ನೆಲ್ಲ ತಂದು ಸುರಿಯುತ್ತವೆ. ಸೋಮೇಶ್ವರದಲ್ಲಿ ಒಂದು ಬಾಟಲಿ ತುಂಬಿಸಿ ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿದಾಗ ಸಾಂದ್ರತೆ 1.018 ತೋರಿಸಿತು, ಬಣ್ಣ ಚಹಾದ್ದು. ಬೇಕಾದದ್ದು 1.025. ಸಾಲದ್ದಕ್ಕೆ ಕಡಲ ನೀರಿನ ಜೊತೆ ಯಾವ ಅತಿಥಿ ಬರುತ್ತಾನೋ ಯಾರಿಗೆ ಗೊತ್ತು. ಹಾಗಾಗಿ ಆರ್‌ಓ ನೀರಿಗೆ ಪ್ಯಾಕೆಟ್ ಉಪ್ಪು.

ಜುಲೈ ಮೊದಲ ವಾರ ಕೊಚ್ಚಿಯಿಂದ ರಾತ್ರಿ ಬಸ್ಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆ ಬಂತು. ನಾಲ್ಕು ಮೀನು. ಎರಡು ಕ್ಲೌನ್ ಮೀನು, ಹ್ಯಾಚರಿಯಲ್ಲಿ ಹುಟ್ಟಿದವು. ಒಂದು ಎಂಪರರ್ ಏಂಜೆಲ್ ಮರಿ, ಕಡುನೀಲಿ ಮೈಮೇಲೆ ಬಿಳಿ ಬಳೆಗಳನ್ನು ಒಂದರೊಳಗೊಂದು ಇಟ್ಟಂತೆ. ದೊಡ್ಡದಾದ ಮೇಲೆ ಆ ಬಳೆಗಳು ಮಾಯವಾಗಿ ಹಳದಿ ಗೆರೆ ಬರುತ್ತವೆ. ನಾಲ್ಕನೆಯದು ಪೌಡರ್ ಬ್ಲೂ ಟ್ಯಾಂಗ್. ನಮ್ಮ ಲಕ್ಷದ್ವೀಪ, ಮಾಲ್ದೀವ್ಸ್ ಕಡೆಯ ಮೀನು. ತಿಳಿ ನೀಲಿ ಮೈ, ಕಪ್ಪು ಮುಖ, ಬೆನ್ನಿನ ಮೇಲೆ ಹಳದಿ ರೆಕ್ಕೆ. ಈ ಹವ್ಯಾಸದಲ್ಲಿ ಬಿಳಿಚುಕ್ಕೆ ರೋಗವನ್ನು ಕರೆದು ಕೂರಿಸಿಕೊಳ್ಳುವುದರಲ್ಲಿ ಇದರಷ್ಟು ಹೆಸರು ಪಡೆದ ಮೀನು ಇಲ್ಲ. ಗೊತ್ತಿದ್ದೂ ತರಿಸಿದೆ.

ಚೀಲದ ನೀರನ್ನೂ ಅಳೆದೆ. ಉಪ್ಪು 1.019. ಉಪ್ಪು ಕಡಿಮೆ ಇಟ್ಟರೆ ಖರ್ಚು ಉಳಿಯುತ್ತದೆ, ಪರಾವಲಂಬಿಗಳ ಆಟವೂ ಸ್ವಲ್ಪ ತಗ್ಗುತ್ತದೆ, ಬಹಳ ಅಂಗಡಿಗಳು ಹಾಗೇ ಇಡುತ್ತವೆ. ಕೆಲವರು ಅಷ್ಟಿಷ್ಟು ತಾಮ್ರವನ್ನೂ ಹಾಕಿರುತ್ತಾರೆ. ರೋಗ ಸಾಯುವಷ್ಟಲ್ಲ, ಮುಖ ತೋರಿಸದೆ ಕೂರುವಷ್ಟು. ಮೀನು ನಮ್ಮ ಮನೆಗೆ ಬಂದು ಒಳ್ಳೆಯ ನೀರು ಸಿಕ್ಕ ಮೇಲೆ ಎಲ್ಲ ಹೊರಗೆ ಬೀಳುತ್ತದೆ. ನನ್ನ ಟ್ಯಾಂಕಿನ ಉಪ್ಪನ್ನು ಮೊದಲೇ ಆ ಮಟ್ಟಕ್ಕೆ ಇಳಿಸಿಟ್ಟಿದ್ದೆ. ಚೀಲ ಬಿಚ್ಚಿ, ಬಿಸಿ ಸಮ ಮಾಡಿ, ತಡ ಮಾಡದೆ ಮೀನನ್ನು ಮಾತ್ರ ಎತ್ತಿ ಬಿಟ್ಟೆ. ಚೀಲ ಬಿಚ್ಚಿದ ಕೂಡಲೇ ಒಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ರಾತ್ರಿಯಿಡೀ ಸೇರಿದ ಅಮೋನಿಯಾ ಆಗ ವಿಷವಾಗುತ್ತದೆ. ಹನಿಹನಿ ನೀರು ಬಿಟ್ಟು ಒಂದು ಗಂಟೆ ಒಗ್ಗಿಸುವ ನನ್ನ ಹಳೆಯ ಪದ್ಧತಿ ಮೀನನ್ನು ಅದೇ ವಿಷದಲ್ಲಿ ನೆನೆಸಿಡುವ ಪದ್ಧತಿಯಾಗಿತ್ತು. ಆಮೇಲೆ ನಾಲ್ಕೈದು ದಿನದಲ್ಲಿ ಉಪ್ಪನ್ನು ನಿಧಾನಕ್ಕೆ 1.025ಕ್ಕೆ ತಂದೆ.

ಮೊದಲು ಸುಳಿವು ಕೊಟ್ಟದ್ದು ಎಂಪರರ್ ಮರಿ. ನಾಲ್ಕನೇ ದಿನ ಪಿವಿಸಿ ಎಲ್ಬೋಗೆ ಪಕ್ಕೆ ಉಜ್ಜಿಕೊಂಡು ಹೋಯಿತು. ಒಂದು ಸಲ ಉಜ್ಜಿದರೆ ಏನೂ ಇಲ್ಲ, ನಮಗೂ ಬೆನ್ನು ತುರಿಸುತ್ತದೆ. ಹತ್ತು ನಿಮಿಷದಲ್ಲಿ ಏಳು ಸಲ ಉಜ್ಜಿತು. ನಡುನಡುವೆ ತಲೆಯನ್ನು ಝಾಡಿಸುತ್ತಿತ್ತು. ಮರುದಿನ ಒಂದು ಕಣ್ಣಿಗೆ ಮಂಜು ಕವಿದಂತೆ ಆಗಿತ್ತು. ಚುಕ್ಕೆ ಎಲ್ಲೂ ಇಲ್ಲ. ಫೋಟೋ ಕಳಿಸಿದ್ದಕ್ಕೆ ಗೆಳೆಯ ಉತ್ತರಿಸಿದ: "ಫ್ಲೂಕ್ ಇರ್ಬೇಕು. ಸಿಹಿನೀರಲ್ಲಿ ಅದ್ದಿ ನೋಡು, ಕಂಡೇ ಕಾಣ್ತದೆ."

ಫ್ಲೂಕ್ ಎಂದರೆ ಚಪ್ಪಟೆ ಹುಳ. ಉಪ್ಪುನೀರಿನಲ್ಲಿ ಅದು ಗಾಜಿನ ಹಾಗೆ ಪಾರದರ್ಶಕ. ಮೀನಿನ ಮೈಮೇಲೆ ಹತ್ತಿಪ್ಪತ್ತು ಕೂತಿದ್ದರೂ ಬರಿಗಣ್ಣಿಗೆ ಕಾಣುವುದಿಲ್ಲ. ಸಿಹಿನೀರಿಗೆ ಬಂದರೆ ಬೆಳ್ಳಗಾಗಿ ಕಳಚಿಕೊಳ್ಳುತ್ತದೆ. ಒಂದು ಕಪ್ಪು ಪ್ಲಾಸ್ಟಿಕ್ ಟಬ್ಬಿನಲ್ಲಿ ಆರ್‌ಓ ನೀರು ಹಿಡಿದು, ಎರಡು ಗಂಟೆ ಗಾಳಿ ಆಡಿಸಿ, ಹೀಟರ್ ಇಟ್ಟು ಬಿಸಿ ಸಮ ಮಾಡಿ, ಅಡುಗೆ ಸೋಡಾ ಚಿಟಿಕೆ ಚಿಟಿಕೆ ಹಾಕುತ್ತ ಪಿಎಚ್ ಅನ್ನು 8.2ಕ್ಕೆ ತಂದೆ. ಮೀನು ಸಿಹಿನೀರನ್ನು ಐದು ನಿಮಿಷ ತಡೆಯುತ್ತದೆ, ಆದರೆ ಬಿಸಿ ಮತ್ತು ಪಿಎಚ್‌ನ ಏರುಪೇರನ್ನು ಅದರ ಜೊತೆಗೆ ತಡೆಯುವುದಿಲ್ಲ.

ಬಿಟ್ಟ ಕೂಡಲೇ ಮರಿ ಮಗ್ಗುಲಾಗಿ ತಳಕ್ಕೆ ಬಿತ್ತು. ನನ್ನ ಕೈ ಬಲೆಯ ಮೇಲೇ ಇತ್ತು. ಅರ್ಧ ನಿಮಿಷಕ್ಕೆ ನೆಟ್ಟಗಾಗಿ ಸುಮ್ಮನೆ ನಿಂತಿತು. ಎರಡನೇ ನಿಮಿಷದ ಹೊತ್ತಿಗೆ ಕಣ್ಣಿನ ಮೇಲೆ ಒಂದು ಬಿಳಿ ಅಂಡಾಕಾರ ಮೂಡಿತು. ಅಲ್ಲಿಯವರೆಗೆ ಅದು ಅಲ್ಲಿ ಇರಲೇ ಇಲ್ಲ ಎಂದು ನಾನು ಆಣೆ ಇಟ್ಟು ಹೇಳುತ್ತಿದ್ದೆ. ಆಮೇಲೆ ಹಣೆಯ ಮೇಲೆ, ಪಕ್ಕೆಯ ಮೇಲೆ, ರೆಕ್ಕೆಯ ಬುಡದಲ್ಲಿ ಒಂದೊಂದಾಗಿ ಬೆಳ್ಳಗಾದವು. ತೊಳೆದ ಅಕ್ಕಿಯ ನುಚ್ಚಿನ ಹಾಗೆ ಕಳಚಿ ಟಬ್ಬಿನ ಕಪ್ಪು ತಳಕ್ಕೆ ಇಳಿದವು. ಐದು ನಿಮಿಷ ಮುಗಿದು ಮೀನನ್ನು ಎತ್ತಿದ ಮೇಲೆ ಟಾರ್ಚ್ ಬಿಟ್ಟು ಎಣಿಸಿದೆ, ಇಪ್ಪತ್ತಮೂರು. ಕೆಲವು ಇನ್ನೂ ಅಂಚು ಮಡಚಿ ಬಿಚ್ಚುತ್ತಿದ್ದವು. ಮಗಳು ಒಂದನ್ನು ಚಮಚದಲ್ಲಿ ಎತ್ತಿ ನೋಡಿ, ಎರಡು ದಿನ ಗಂಜಿ ಉಣ್ಣಲಿಲ್ಲ.

ಅದ್ದುವುದರಿಂದ ರೋಗ ಪತ್ತೆಯಾಗುತ್ತದೆ, ಮೀನಿಗೆ ಆರಾಮ ಸಿಗುತ್ತದೆ, ಅಷ್ಟೇ. ಕಿವಿರಿನೊಳಗಿನವು ಉಳಿದಿರುತ್ತವೆ, ಮೊಟ್ಟೆಗಳು ಟ್ಯಾಂಕಿನಲ್ಲಿ ನೂಲು ಬಿಟ್ಟು ಅಂಟಿಕೊಂಡಿರುತ್ತವೆ. ಅದಕ್ಕೆ ಬೇಕಾದ್ದು ಪ್ರಾಜಿಕ್ವಾಂಟೆಲ್, ಮನುಷ್ಯರಿಗೂ ನಾಯಿಗಳಿಗೂ ಕೊಡುವ ಹುಳದ ಮದ್ದು. ಲೀಟರಿಗೆ 2.5 ಮಿಲಿಗ್ರಾಂ ಲೆಕ್ಕದಲ್ಲಿ 120 ಲೀಟರಿಗೆ 300 ಮಿಲಿಗ್ರಾಂ, ಅಂದರೆ 600ರ ಮಾತ್ರೆಯಲ್ಲಿ ಅರ್ಧ. ತೊಂದರೆ ಏನೆಂದರೆ ಅದು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಮದ್ಯಸಾರದಲ್ಲಿ ಕರಗುತ್ತದೆ. ಮೂರು ತಲೆಮಾರಿನಿಂದ ಯಾರೂ ಮುಟ್ಟದ ಮನೆಗೆ ನಾನು ಪೇಪರಿನಲ್ಲಿ ಸುತ್ತಿ ವೋಡ್ಕಾದ ಕ್ವಾರ್ಟರ್ ತಂದೆ, ಮೀನಿಗೆ. ಎದುರು ಮನೆಯವರು ಲಿಫ್ಟಿನಲ್ಲಿ ಸಿಕ್ಕಿದರು, ಇರಲಿ. ಪುಡಿ ಮಾಡಿ, ಎರಡು ಚಮಚ ವೋಡ್ಕಾದಲ್ಲಿ ಕರಗಿಸಿ ಹಾಕಿದೆ. ಮರುದಿನ ನೀರು ಹಾಲುಹಾಲಾಯಿತು. ಮದ್ಯಸಾರ ತಿಂದು ಬ್ಯಾಕ್ಟೀರಿಯಾ ಉಕ್ಕಿ, ಆಮ್ಲಜನಕ ಎಳೆಯುತ್ತದೆ. ಗಾಳಿ ಹೆಚ್ಚಿಸಿದೆ, ತಿಳಿಯಾಯಿತು. ಮದ್ದು ಮೊಟ್ಟೆಗೆ ತಾಗುವುದಿಲ್ಲವಾದ್ದರಿಂದ, ಮೊಟ್ಟೆ ಒಡೆದು ಮರಿ ಹೊರಬಂದು, ದೊಡ್ಡದಾಗಿ ತಾನೂ ಮೊಟ್ಟೆ ಇಡುವ ಮೊದಲು ಎರಡನೇ ಸಲ ಹಾಕಬೇಕು. ವಾರ ಬಿಟ್ಟು ಹಾಕಿದೆ. ಎಂಪರರ್ ಕಣ್ಣು ತಿಳಿಯಾಯಿತು, ಕೈಯಿಂದ ಸೀಗಡಿ ಚೂರು ತಿನ್ನಲು ಶುರು ಮಾಡಿತು.

ಈ ಎರಡು ಮದ್ದಿನ ನಡುವೆ, ಒಂಬತ್ತನೇ ದಿನ, ಪೌಡರ್ ಬ್ಲೂ ರೆಕ್ಕೆಯಲ್ಲಿ ಚುಕ್ಕೆ ಬಂತು.

ಉಪ್ಪಿನ ಹರಳು ಅಂಟಿಸಿದಂತೆ ಉಬ್ಬಿದ, ಒಂದೊಂದೂ ಬಿಡಿಬಿಡಿಯಾದ ಚುಕ್ಕೆ. ವೆಲ್ವೆಟ್ಟಿನದ್ದು ಧೂಳು, ಎಣಿಸಲು ಬರುವುದಿಲ್ಲ. ಇದು ಎಣಿಸಲು ಬರುತ್ತದೆ. ಕ್ಲೌನ್ ಮೀನುಗಳಿಗೆ ಬರುವ ಬ್ರೂಕ್ಲಿನೆಲ್ಲಾ ಎಂಬ ಇನ್ನೊಂದಿದೆ. ಅದರಲ್ಲಿ ಚುಕ್ಕೆಗಿಂತ ಹೆಚ್ಚಾಗಿ ಲೋಳೆ ಪದರ ಪದರವಾಗಿ ಸುಲಿದು ಜೋತಾಡುತ್ತದೆ, ತಾಮ್ರಕ್ಕೆ ಅದು ಬಗ್ಗುವುದಿಲ್ಲ, ಫಾರ್ಮಲಿನ್ ಸ್ನಾನ ಬೇಕು. ಆದ್ದರಿಂದ ಕಂಡ ಕೂಡಲೇ ಸಿಕ್ಕಿದ ಮದ್ದು ಸುರಿಯಬಾರದು. ಗೆಳೆಯ ಆ ಸಂಜೆ ಸುರಿಯುವ ಮಳೆಯಲ್ಲಿ ಮೈಕ್ರೋಸ್ಕೋಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಿಕ್ಷಾದಲ್ಲಿ ಬಂದ. ಕೆರೆದು ತೆಗೆದದ್ದನ್ನು ಆ ಕ್ಷಣವೇ ನೋಡಬೇಕು, ಒಣಗಿದರೆ ಎಲ್ಲ ಒಂದೇ ಕಸ. ಟ್ಯಾಂಗ್ ಮೀನಿನ ಬಾಲದ ಬುಡದಲ್ಲಿ ಎರಡು ಕಡೆ ಮಡಚುವ ಚೂರಿಯಂಥ ಮುಳ್ಳಿರುತ್ತದೆ. ಒದ್ದೆ ಟವೆಲಿನಲ್ಲಿ ಹಿಡಿದಾಗ ನನ್ನ ಹೆಬ್ಬೆರಳು ಕೊಯ್ದುಕೊಂಡಿತು. ಕೈಗೆ ಗಾಯ ಇದ್ದಾಗ ಟ್ಯಾಂಕಿಗೆ ಕೈ ಹಾಕಬಾರದು, ಮೀನಿನಿಂದ ನಮ್ಮ ಚರ್ಮಕ್ಕೆ ಬರುವ ಬ್ಯಾಕ್ಟೀರಿಯಾ ಉಂಟು ಎಂದು ಅವನು ಬೈದು ಡೆಟ್ಟಾಲ್ ಹಾಕಿಸಿದ. ಕವರ್‌ಸ್ಲಿಪ್ಪಿನ ಅಂಚಿನಿಂದ ಪಕ್ಕೆಯ ಲೋಳೆಯನ್ನು ತಲೆಯಿಂದ ಬಾಲದ ಕಡೆಗೆ ಒಮ್ಮೆ ಸವರಿದ. ಚುಕ್ಕೆಯಿದ್ದ ರೆಕ್ಕೆಯ ಅಂಚಿನ ಒಂದು ಚೂರು ಕತ್ತರಿಸಿದ.

"ಬಾ ನೋಡು."

ನೂರು ಪಟ್ಟು ದೊಡ್ಡದಾಗಿ ಒಂದು ಕಪ್ಪು ಉಂಡೆ ನಿಧಾನಕ್ಕೆ ಹೊರಳುತ್ತಿತ್ತು. ಸುತ್ತ ಸಣ್ಣ ರೋಮಗಳ ಮಿಡಿತ. ಮಲಗಿದಲ್ಲೇ ಮಗ್ಗುಲು ಬದಲಿಸುವ ಮಗುವಿನ ಹಾಗೆ, ಯಾವ ಆತುರವೂ ಇಲ್ಲದೆ ಹೊರಳುತ್ತಲೇ ಇತ್ತು. ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್, ಬಿಳಿಚುಕ್ಕೆ ರೋಗದ ಜೀವಿ. ಆರು ವರ್ಷದಿಂದ ಹೆಸರು ಕೇಳಿದ್ದೆ, ಮುಖ ನೋಡಿದ್ದು ಅವತ್ತೇ.

ಇದರ ಬದುಕಿನ ಸುತ್ತನ್ನು ಅವನು ನನ್ನ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸಿದ. ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ತಿಂದು ದಪ್ಪಗಾಗುತ್ತದೆ. ನಮಗೆ ಕಾಣುವ ಚುಕ್ಕೆ ಅದು. ಆಮೇಲೆ ಸಾಮಾನ್ಯವಾಗಿ ಕತ್ತಲಲ್ಲಿ ಕಳಚಿ, ತಳಕ್ಕೆ ಬಿದ್ದು, ಅಲ್ಲಲ್ಲಿ ತೆವಳಿ, ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಆ ಗಂಟಿನೊಳಗೆ ಒಡೆದು ಇನ್ನೂರರವರೆಗೂ ಮರಿಗಳಾಗುತ್ತವೆ. ಮೂರು ದಿನಕ್ಕೂ ಒಡೆಯಬಹುದು, ನಾಲ್ಕು ವಾರಕ್ಕೂ ಒಡೆಯಬಹುದು, ಅಪರೂಪಕ್ಕೆ ಎರಡು ತಿಂಗಳು ದಾಟಿದ್ದೂ ಉಂಟು. 76 ದಿನದ ಲೆಕ್ಕ ಬಂದದ್ದು ಅಲ್ಲಿಂದ. ಹೊರಬಂದ ಮರಿ ಈಜುತ್ತ ಮೀನನ್ನು ಹುಡುಕಬೇಕು. ಒಂದೆರಡು ದಿನದಲ್ಲಿ ಸಿಗದಿದ್ದರೆ ಸಾಯುತ್ತದೆ. "ಚರ್ಮದೊಳಗೆ ಇದ್ದಾಗ ತಾಮ್ರ ತಾಗೂದಿಲ್ಲ. ಗಂಟಿನಲ್ಲಿದ್ದಾಗಲೂ ಇಲ್ಲ. ಈಜುವಾಗ ಮಾತ್ರ ಸಿಗ್ತದೆ."

ಇದನ್ನೇ ನಾನು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಕೊಳೆಯದ್ದೂ ಅದೇ ಕತೆಯಲ್ವಾ."

ಹೌದಲ್ಲ! ಕೊಳೆರೋಗದ ಫೈಟೋಫ್ತೊರಾ ಬೀಜಾಣುಗಳೂ ಈಜುವಂಥವೇ. ಗೊನೆಯ ಮೇಲೆ ನಿಂತ ಮಳೆನೀರಿನ ತೆಳು ಪದರದಲ್ಲಿ ಈಜಿ ಕಾಯಿಗೆ ಹತ್ತುತ್ತವೆ. ಒಳಗೆ ಹೊಕ್ಕ ಮೇಲೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಏನೂ ಮಾಡುವುದಿಲ್ಲ, ಹೊಕ್ಕುವ ಮೊದಲು ತಾಮ್ರ ಅಲ್ಲಿರಬೇಕು. ಮಳೆ ಹಿಡಿಯುವ ಮೊದಲು ಒಂದು ಸುತ್ತು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಚಿಕ್ಕಂದಿನಿಂದ ಆ ನೀಲಿ ಡ್ರಮ್ ಕಲಕುತ್ತ ಬೆಳೆದವನು ನಾನು. ಆದರೂ ಅದು ಯಾಕೆ, ಯಾವಾಗ ಎಂಬುದು ತಲೆಗೆ ಹೊಳೆದದ್ದು ಮೀನಿನ ದೆಸೆಯಿಂದ.

"ಎಷ್ಟು ಹಾಕ್ತೀ?"

"ಲೀಟರಿಗೆ ಎರಡೂಕಾಲು ಮಿಲಿಗ್ರಾಂ ತಾಮ್ರ." ಅವರ ಡ್ರಮ್ಮಿನಲ್ಲಿ ಅದು ಎರಡೂವರೆ ಸಾವಿರ. ಸಾವಿರದಲ್ಲೊಂದು ಪಾಲು ಎಂದಾಗ ನಕ್ಕರು. "ಮತ್ತೆ ಅಟ್ಟದಲ್ಲಿ ಉಂಟಲ್ಲ, ಒಂದು ಚಿಟಿಕೆ ಕಳಿಸ್ತೇನೆ."

ಬೇಡವೆಂದೆ. ತೋಟದ ಮೈಲುತುತ್ತು ಶುದ್ಧವಲ್ಲ. ಶುದ್ಧವಿದ್ದರೂ ಬರಿ ತಾಮ್ರ ಕಡಲನೀರಿನ ಕಾರ್ಬೋನೇಟಿನ ಜೊತೆ ಸೇರಿ ತಳಕ್ಕೆ ಕೂತುಬಿಡುತ್ತದೆ. ಹಾಗೆ ಬಳಸುವವರು ಅದನ್ನು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ನಡುವೆ ಹಿಡಿದಿಡಬೇಕು. ಸ್ವಲ್ಪ ಇಳಿದರೆ ರೋಗ ಬದುಕುತ್ತದೆ, ಸ್ವಲ್ಪ ಏರಿದರೆ ಮೀನು ಸಾಯುತ್ತದೆ. ಕೀಲೇಟ್ ಮಾಡಿದ, ಅಂದರೆ ಇನ್ನೊಂದು ರಾಸಾಯನಿಕಕ್ಕೆ ಕಟ್ಟಿಹಾಕಿದ, ತಾಮ್ರ ಬಾಟಲಿಯಲ್ಲಿ ಸಿಗುತ್ತದೆ, ನೀರಿನಲ್ಲಿ ನಿಲ್ಲುತ್ತದೆ, ಅದಕ್ಕೆ 2.0ರಿಂದ 2.5. ಎರಡರ ಅಂಕಿಯನ್ನು ಅದಲುಬದಲು ಮಾಡಿದರೆ ಮುಗಿಯಿತು. ಅಳೆಯಲು ಬಣ್ಣ ಹೋಲಿಸುವ ಕಾರ್ಡಿನ ಕಿಟ್ ನಂಬದೆ, ಅಂಕಿ ತೋರಿಸುವ ಹ್ಯಾನಾ ಮೀಟರನ್ನು ಗೆಳೆಯನಿಂದ ಎರವಲು ತಂದೆ. "ನಾವಾದರೆ ಕತ್ತಿ ಅದ್ದಿ ನೋಡ್ತೇವೆ" ಎಂದರು ಅಪ್ಪ. ದ್ರಾವಣದಲ್ಲಿ ಅದ್ದಿದ ಕತ್ತಿಯ ಅಲಗು ಕೆಂಪಾದರೆ ಸುಣ್ಣ ಸಾಲದು ಎಂದು ಲೆಕ್ಕ. ಮೀನಿಗೆ ಆ ಕತ್ತಿ ಇಲ್ಲ.

ಪ್ರಾಜಿಯ ಎರಡನೇ ಡೋಸ್ ಮುಗಿದು ನೀರು ಬದಲಿಸಿ, ಐದು ದಿನದಲ್ಲಿ ತಾಮ್ರವನ್ನು 0.5, 1.0, 1.5 ಎಂದು ಏರಿಸುತ್ತ 2.2ಕ್ಕೆ ತಂದೆ. ಅಷ್ಟು ದಿನ ಮಾಡಿದ್ದು ಎಣಿಸುವ ಕೆಲಸ. ಹನ್ನೊಂದು ಚುಕ್ಕೆ ಮೂವತ್ತಾಯಿತು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಸೊನ್ನೆ. ಹೆಂಡತಿ "ವಾಸಿ ಆಯ್ತಲ್ಲ!" ಅಂದಳು. ಮೀನು ಸಾಕುವವರು ಬೀಳುವ ಹೊಂಡ ಇದೇ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಆಹಾರ ಕೊಟ್ಟೆ, ಮೂರೇ ದಿನದಲ್ಲಿ ಚುಕ್ಕೆ ಹೋಯಿತು ಎಂದು ಸಾಕ್ಷಿ ಹೇಳುವವರು ಊರ ತುಂಬ ಇದ್ದಾರೆ. ಹೋದದ್ದು ಗಂಟು ಕಟ್ಟಲು ಹೋಗಿದೆ, ವಾಪಸ್ ಬರುವಾಗ ಇನ್ನೂರು ಪಟ್ಟು ಆಗಿ ಬರುತ್ತದೆ. ತಾಮ್ರ 2.0 ದಾಟಿದ ದಿನದಿಂದ 30 ದಿನ. ಕಣ್ಣಿಗೆ ಏನು ಕಂಡರೂ, ಕಾಣದಿದ್ದರೂ.

ಔಷಧಿ ಏರಿದಂತೆ ಪೌಡರ್ ಬ್ಲೂ ಆಹಾರ ಬಿಟ್ಟಿತು. ತಾಮ್ರ ಹಸಿವು ಕೊಲ್ಲುತ್ತದೆ. ಸುಶಿ ಸುತ್ತುವ ನೋರಿ ಎಲೆಯನ್ನು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿಗೆ ಅಂಟಿಸಿದೆ. ಮೂರು ದಿನ ಮೂಸಿಯೂ ನೋಡಲಿಲ್ಲ. ನಾಲ್ಕನೇ ದಿನ ಒಂದು ಮೂಲೆ ಹರಿದಿತ್ತು.

ಆ ಮೂವತ್ತರಲ್ಲಿ ಒಂಬತ್ತನೇ ದಿನ ರಾತ್ರಿ ಮರ ಬಿದ್ದು ಕರೆಂಟು ಹೋಯಿತು. ಇಂಥ ಹೊತ್ತಿಗೆಂದೇ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಂಡಿದ್ದೆ. ಅದರ ಸೆಲ್ ತೆಗೆದು ಟಿವಿ ರಿಮೋಟಿಗೆ ಹಾಕಿದವನೂ ನಾನೇ. ಮಧ್ಯರಾತ್ರಿಯವರೆಗೆ ಮಗ್ಗಿನಲ್ಲಿ ನೀರೆತ್ತಿ ಸುರಿದೆ, ಆಮೇಲೆ ನಿದ್ದೆ ಬಂತು. ಬೆಳಿಗ್ಗೆ ಕರೆಂಟು ಬಂದಾಗ ಅಮೋನಿಯಾ ಪರೀಕ್ಷೆಯ ನೀರು ಕಡು ಹಸಿರು. ಗಾಳಿಯಿಲ್ಲದೆ ಸ್ಪಾಂಜಿನ ಬ್ಯಾಕ್ಟೀರಿಯಾ ಸತ್ತಿದ್ದವು. ಕಪಾಟಿನಲ್ಲಿ ಅಮೋನಿಯಾ ಕಟ್ಟಿಹಾಕುವ ದ್ರಾವಣ ಇತ್ತು. ಮುಚ್ಚಳ ತೆಗೆದು, ಏನೋ ಅನಿಸಿ ಗೆಳೆಯನಿಗೆ ಫೋನ್ ಮಾಡಿದೆ. "ಹಾಕ್ಬೇಡ! ಅದು ತಾಮ್ರದ ರೂಪ ಬದಲಿಸ್ತದೆ, ಮೀನು ನಿಂತಲ್ಲೇ ಸಾಯ್ತದೆ. ನೀರು ಬದಲಿಸು, ನೀರು."

ಬದಲಿಸಿದೆ. 120ರಲ್ಲಿ 40 ಲೀಟರ್, ಬ್ಯಾಂಕಿಗೆ ಹೊತ್ತಾಗುತ್ತಿತ್ತು, ಓಡಿದೆ. ಮಧ್ಯಾಹ್ನ ಹೆಂಡತಿ ಫೋನ್ ಮಾಡಿದಳು. ಎಂಪರರ್ ಮರಿ ಎಲ್ಬೋದೊಳಗೆ ಮಗ್ಗುಲಾಗಿ ಸಿಕ್ಕಿಕೊಂಡಿತ್ತು. ಹುಳಗಳಿಂದ ಬಿಡಿಸಿದ್ದೆ, ಕೈಯಿಂದ ತಿನ್ನುವುದನ್ನು ಕಲಿಸಿದ್ದೆ, ರಿಮೋಟಿನ ಎರಡು ಸೆಲ್ಲಿಗೆ ಕಳೆದುಕೊಂಡೆ.

ಇನ್ನೂ ಒಂದು ತಪ್ಪು ಒಳಗೇ ಕೂತಿತ್ತು. ಹೊಸ 40 ಲೀಟರಿಗೆ ತಾಮ್ರ ಹಾಕಲು ಮರೆತಿದ್ದೆ. ಗೊತ್ತಾದದ್ದು ಎರಡು ದಿನ ಬಿಟ್ಟು ಅಳೆದಾಗ, 1.46. ಮೂರರಲ್ಲೊಂದು ಪಾಲು ನೀರು ಹೋದರೆ ಮೂರರಲ್ಲೊಂದು ಪಾಲು ತಾಮ್ರ ಹೋಗುತ್ತದೆ. ದಿನವಿಡೀ ಬಡ್ಡಿ ಲೆಕ್ಕ ಹಾಕುವವನಿಗೆ ಇದು ಹೊಳೆಯಲಿಲ್ಲ. ಆ ಎರಡು ದಿನದಲ್ಲಿ ಯಾವುದೋ ಗಂಟು ಒಡೆದು ಮರಿಗಳು ಮೀನಿಗೆ ಹತ್ತಿರಬಹುದು. ಹತ್ತಿದ್ದವು ಕೂಡ, ನಾಲ್ಕು ದಿನಕ್ಕೆ ಒಂದು ಕ್ಲೌನ್ ಮೀನಿನ ಎದೆರೆಕ್ಕೆಯಲ್ಲಿ ಎರಡು ಚುಕ್ಕೆ ಕಂಡವು. ಪುಸ್ತಕದಲ್ಲಿ "ದಿನ 11" ಎಂದು ಬರೆದದ್ದನ್ನು ಹೊಡೆದು ಹಾಕಿ "ದಿನ 0" ಎಂದು ಬರೆದೆ. ಅದರ ನಂತರ ಬದಲಿಸುವ ನೀರಿಗೆಲ್ಲ ಬಕೆಟಿನಲ್ಲೇ ತಾಮ್ರ ಬೆರೆಸಿ, ಅಳೆದು, ಆಮೇಲೆ ಸುರಿದೆ. ಬಕೆಟಿನ ಕೆಂಪು ಟೇಪಿನ ಮೇಲೆ ಮಾರ್ಕರಿನಲ್ಲಿ "ತಾಮ್ರ?" ಎಂದು ಮಗಳು ಬರೆದಳು.

ಮೂವತ್ತು ದಿನ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಸೊನ್ನೆ ಚುಕ್ಕೆ, ಸೊನ್ನೆ ಚುಕ್ಕೆ, 2.2, 2.1, ಸ್ವಲ್ಪ ಸೇರಿಸಿದೆ, 2.2. ಆಗಸ್ಟ್ ಕೊನೆಗೆ ಉಳಿದ ಮೂರನ್ನು ಇನ್ನೊಂದು ಒಣಗಿಸಿಟ್ಟ ಟ್ಯಾಂಕಿಗೆ, ಹೊಸ ನೀರಿಗೆ ದಾಟಿಸಿದೆ. ಅಲ್ಲಿ ತಾಮ್ರವಿಲ್ಲ, ಇದ್ದಿಲು ಚೀಲ ಮಾತ್ರ. ಮದ್ದಿನ ಮುಸುಕಿಲ್ಲದೆ ಎರಡು ವಾರ ನೋಡಬೇಕು. ಅಡಗಿದ್ದೇನಾದರೂ ಇದ್ದರೆ ಈಗ ಹೊರಬರಬೇಕು. ಬರಲಿಲ್ಲ. ಚೌತಿ ಕಳೆದ ಮೇಲೆ ಒಂದು ಭಾನುವಾರ ಹಾಲಿನ ಟ್ಯಾಂಕಿಗೆ ಬಿಟ್ಟೆ. ಪೌಡರ್ ಬ್ಲೂ ಮೊದಲ ಅರ್ಧ ಗಂಟೆ ಗಾಜಿನಲ್ಲಿ ಕಂಡ ತನ್ನ ನೆರಳಿನ ಜೊತೆ ಜಗಳವಾಡಿತು.

ದೀಪಾವಳಿಯ ಹೊತ್ತಿಗೆ ಅಪ್ಪ ಕಣ್ಣು ತೋರಿಸಲು ಮಂಗಳೂರಿಗೆ ಬಂದರು. ಚಪ್ಪಲಿ ಬಿಟ್ಟವರೇ ಟ್ಯಾಂಕಿನ ಎದುರು ಬಗ್ಗಿ ನಿಂತರು. ನೀರು ನೀಲಿ ಇಲ್ಲವಲ್ಲ ಎಂದರು. ಇದು ಆ ಟ್ಯಾಂಕ್ ಅಲ್ಲ, ಆದರೆ ಅದರಲ್ಲೂ ನೀಲಿ ಇರಲಿಲ್ಲ ಎಂದೆ. ಬೆರಳಿಟ್ಟು ಎಣಿಸಿದರು.

"ನಾಲ್ಕು ಅಂತ ಹೇಳಿದ್ದೆ. ಬಳೆ ಬಳೆಯದ್ದು ಎಲ್ಲುಂಟು?"

ಹೇಳಿದೆ. ಕರೆಂಟು, ಸೆಲ್ಲು, ಮರೆತ ತಾಮ್ರ, ಎಲ್ಲ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

"ನಮಗೂ ಎರಡನೇ ಮದ್ದು ಹದಿನೈದು ದಿನ ತಡ ಆಯ್ತು, ಮಳೆ ಬಿಡಲೇ ಇಲ್ಲ. ಗುಡ್ಡೆ ಬದಿಯದ್ದು ನಾಲ್ಕಾಣೆ ಉದುರಿತು" ಎಂದು ಹೇಳಿ, ಪೌಡರ್ ಬ್ಲೂ ನೋರಿ ಹರಿದು ತಿನ್ನುವುದನ್ನು ನೋಡುತ್ತ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು.